ಗುಂಡಿಗಿಳಿದು ಕೂತವನು

ಚಿಕ್ಕಜಾಲದಾಚೆ ನಮ್ಮೂರ ಸ್ಮಶಾನದಲ್ಲಿ ಗುಂಡಿ ತೋಡುತ್ತಿದ್ದ ಆ ಮುದುಕ ಗೋರಿಗಳ ನಡುವೆ ಎಂದೂ ಚಪ್ಪಲಿ ಮೆಟ್ಟಿ ನಡೆಯಲಿಲ್ಲ. ಯಾರಾದರೂ ಜೋರಾಗಿ ಮಾತಾಡಿದರೆ, "ಮೆಲ್ಲಗೆ, ಜನ ಮಲಗವ್ರೆ" ಅನ್ನುತ್ತಿದ್ದ.

ಒಂದು ಮಧ್ಯಾಹ್ನ ಪಕ್ಕದ ಲೇಔಟಿಗೆ ರಸ್ತೆ ಮಾಡಲು ಜೆಸಿಬಿಯೊಂದು ಬೇಲಿ ಮುರಿದು ಒಳಗೆ ನುಗ್ಗಿತು. ಮೊದಲ ಸಲ ಅಗೆದಾಗಲೇ ಮಣ್ಣಿನ ಜೊತೆ ತಲೆಬುರುಡೆ ಮೇಲೆದ್ದು ಬಂತು. ಮುದುಕ ಓಡಿಹೋಗಿ ಅದನ್ನು ತನ್ನ ಟವೆಲಿನಲ್ಲಿ ಸುತ್ತಿಕೊಂಡು, ಗುಂಡಿಗಿಳಿದು ಕೂತುಬಿಟ್ಟ. ಅವನ ತಲೆಯ ಮೇಲೆ ಜೆಸಿಬಿಯ ಬಕೆಟ್ ತೂಗುತ್ತಿತ್ತು.

"ಏಳೋ ಮೇಲೆ! ಹಳೇ ಗೋರಿ, ವಾರಸುದಾರರೇ ಇಲ್ಲ," ಎಂದು ಕಂಟ್ರಾಕ್ಟರ್ ಕೂಗಿದ.

"ಗೋರಿ ಅಗೆದ್ರೆ ಜೈಲು ಸ್ವಾಮಿ, ಕಾನೂನೈತೆ. ಪೊಲೀಸ್ರು ಬರ್ಲಿ."

ಬೇಲಿಯ ಬಳಿ ನಿಂತಿದ್ದ ನಾನು ಠಾಣೆಗೆ ಫೋನ್ ಮಾಡಿದೆ. ಅವರು ಬರುವವರೆಗೆ ಎಂಜಿನ್ ನಿಲ್ಲಲಿಲ್ಲ, ಅವನೂ ಏಳಲಿಲ್ಲ.

ಜೆಸಿಬಿಯನ್ನು ವಶಕ್ಕೆ ತೆಗೆದುಕೊಂಡ ಸಬ್‌ಇನ್‌ಸ್ಪೆಕ್ಟರ್ ದೂರು ಬರೆಯುತ್ತಾ ಕೇಳಿದರು: "ಸತ್ತೋರು ನಿಂಗೇನಾಗ್ಬೇಕು ತಾತ?"

"ಏನೂ ಆಗ್ಬೇಕಿಲ್ಲ ಸ್ವಾಮಿ. ಮಣ್ಣು ಮಾಡ್ದೋನು ನಾನೇ. ಅಷ್ಟ್ ಬರ್ಕೊಳ್ಳಿ."

ಅವರು ಹಾಗೆಯೇ ಬರೆದುಕೊಂಡರು. ಕೆಳಗೆ ಸಾಕ್ಷಿಯಾಗಿ ನಾನು ಸಹಿ ಹಾಕಿದೆ.