ಅಮಾವಾಸ್ಯೆಗೊಮ್ಮೆ ಬರುತ್ತಿದ್ದ ಜ್ವರ

ರಾಮದುರ್ಗದಲ್ಲಿ ನಾನು ಮಕ್ಕಳ ವೈದ್ಯನಾಗಿ ಹದಿನೈದು ವರ್ಷ ಕಳೆದಿದ್ದಾಗ ನಡೆದದ್ದಿದು. ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ಸುರೇಬಾನದ ರೇಣವ್ವ ನಾಲ್ಕು ವರ್ಷದ ಮಗಳು ಗಂಗಾಳನ್ನು ಎತ್ತಿಕೊಂಡು ಪದೇ ಪದೇ ಬರುತ್ತಿದ್ದಳು. ನೂರಾ ಮೂರು ಡಿಗ್ರಿ ಜ್ವರ, ಬಾಯಲ್ಲಿ ಹುಣ್ಣು, ಊದಿದ ಟಾನ್ಸಿಲ್, ಕುತ್ತಿಗೆಯಲ್ಲಿ ಗಂಟು. ನಾನು ಆಂಟಿಬಯಾಟಿಕ್ ಬರೆಯುತ್ತಿದ್ದೆ. ಐದನೆಯ ದಿನ ಜ್ವರ ಇಳಿಯುತ್ತಿತ್ತು. ಎಲ್ಲ ನನ್ನ ಕೈಗುಣ ಎಂದು ಒಳಗೊಳಗೇ ಬೀಗುತ್ತಿದ್ದೆ.

ಮೂರನೆಯ ಸಲ ಬಂದಾಗ ರೇಣವ್ವ, "ಸಾಹೇಬ್ರ, ಇದಕ್ಕ ಅಮಾಸಿಗೊಮ್ಮೆ ಜ್ವರ ಬರ್ತೈತ್ರಿ" ಎಂದಳು. ಮಗುವಿನ ಕೊರಳಲ್ಲಿ ತಾಯತ ಕಂಡು ನನಗೆ ರೇಗಿತು. ಹೊರಗೆ ಬೆಂಚಿನ ಮೇಲೆ ಕುಳಿತವರಿಗೂ ಕೇಳುವಂತೆ, "ಸಾಲಿ ಕಲತಾಕಿ ಅದಿ, ನಾಚಿಕಿ ಬರೂದಿಲ್ಲೇನು? ಅಮಾಸಿ ಗಿಮಾಸಿ ಅಂತ ನನ್ನ ಮುಂದ ಹೇಳಬ್ಯಾಡ" ಎಂದು ಗದರಿದೆ. ಹೊರಗೆ ಯಾರೋ ನಕ್ಕರು. ಅವಳು ತಾಯತವನ್ನು ಮಗುವಿನ ಅಂಗಿಯೊಳಗೆ ಸರಿಸಿದಳು. ಮತ್ತೆಂದೂ ಆ ಮಾತು ಎತ್ತಲಿಲ್ಲ.

ಹತ್ತು ತಿಂಗಳು ಹೀಗೇ ಸಾಗಿತು. ಔಷಧಿಯಿಂದ ಮಗುವಿಗೆ ಭೇದಿ ಹಿಡಿಯಿತು. ನನ್ನನ್ನು ಕಂಡರೆ ಸಾಕು, ಚೀರುತ್ತಿತ್ತು. ಕಡೆಗೆ, ವಾರಕ್ಕೊಮ್ಮೆ ನಮ್ಮಲ್ಲಿಗೆ ಬರುತ್ತಿದ್ದ ಕಿವಿ-ಮೂಗು-ಗಂಟಲು ಸರ್ಜನ್ ಮೇಡಂಗೆ ತೋರಿಸಿದೆ. ಅವರು ಮೊದಲು ಕೇಳಿದ್ದೇ, "ಎಷ್ಟು ದಿವಸಕ್ಕೊಮ್ಮೆ ಬರ್ತದವಾ?"

ರೇಣವ್ವ ನನ್ನ ಮುಖ ನೋಡಿದಳು. "ಹೇಳಿದ್ರ ಸಾಹೇಬ್ರು ಬೈತಾರ್ರಿ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮೇಡಂ ನನ್ನದೇ ಕೇಸ್ ಪೇಪರ್‌ಗಳನ್ನು ಗೋಡೆಯ ಕ್ಯಾಲೆಂಡರಿನೊಂದಿಗೆ ಹೋಲಿಸಿದರು. ನಾನೇ ಬರೆದ ದಿನಾಂಕಗಳ ನಡುವೆ ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು ದಿನಗಳ ಅಂತರವಿತ್ತು. ಅದು ಪಿಎಫ್‌ಎಪಿಎ, ಅಂದರೆ ಸೋಂಕಿಲ್ಲದೆ ಹೇಳಿಟ್ಟಂತೆ ಮರುಕಳಿಸಿ ತಾನಾಗಿಯೇ ಇಳಿಯುವ ಜ್ವರ. ಚಂದ್ರನಿಗೂ ಅದಕ್ಕೂ ಸಂಬಂಧವಿಲ್ಲ, ಆದರೆ ತಾಯಿಯ ಎಣಿಕೆ ತಪ್ಪಿರಲಿಲ್ಲ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ನಾನು ತುಪ್ಪಕ್ಕೆ ಅಲೆದಿದ್ದೆ. ಹಲವು ಮಕ್ಕಳಲ್ಲಿ ಟಾನ್ಸಿಲ್ ತೆಗೆದರೆ ಈ ಜ್ವರ ನಿಲ್ಲುತ್ತದೆ. ಬೇರೆ ಕಾಯಿಲೆಗಳಿಲ್ಲವೆಂದು ಪರೀಕ್ಷಿಸಿ, ಮೇಡಂ ಶಸ್ತ್ರಚಿಕಿತ್ಸೆ ಮಾಡಿದರು.

ಮೂರು ತಿಂಗಳ ನಂತರ ರೇಣವ್ವ ಮಗಳ ಕೈ ಹಿಡಿದು ನಡೆಸಿಕೊಂಡು ಬಂದಳು. "ಮೂರು ಅಮಾಸಿ ಹೋದ್ವು, ಜ್ವರ ಬರ್ಲಿಲ್ರಿ" ಎಂದವಳು ತಟ್ಟನೆ ದನಿ ತಗ್ಗಿಸಿ, "ಈಗ ಹೇಳಬೌದಲ್ರಿ, ಸಾಹೇಬ್ರ?" ಎಂದಳು. ಎದ್ದು ಬಾಗಿಲು ಹಾಕಿ, "ತಪ್ಪಾತವಾ" ಎಂದೆ.

ಅಂದಿನಿಂದ ತಾಯಂದಿರು ಹೇಳಿದ್ದನ್ನು ಅವರದೇ ಶಬ್ದಗಳಲ್ಲಿ ಕೇಸ್ ಪೇಪರಿನ ಮೊದಲ ಸಾಲಿನಲ್ಲಿ ಬರೆಯುತ್ತೇನೆ. ರೋಗದ ಸುಳಿವು ತಾಯತ ಕಟ್ಟಿಕೊಂಡೂ ಬರಬಹುದು ಎಂಬುದು ಕೆಲಸ ಕಲಿಸಿದ ಪಾಠ. ಆದರೂ ಒಂದು ಉಳಿದಿದೆ. ಅವಳನ್ನು ಬೈದದ್ದು ಬೆಂಚಿನವರೆಲ್ಲ ಕೇಳುವಂತೆ, ತಪ್ಪಾಯಿತು ಎಂದದ್ದು ಮಾತ್ರ ಬಾಗಿಲು ಮುಚ್ಚಿ. ಅದಕ್ಕೇ ಇದನ್ನು ಎಲ್ಲರೂ ಓದುವಂತೆ ಬರೆದಿದ್ದೇನೆ.