ನೆಬೀಸಳ ಮನೆಗೆ ಸಿಕ್ಕ ಹೊಸ ಹೆಸರು

ಸವಣೂರು ಪೇಟೆಯ ರಸ್ತೆ ಬದಿಯಲ್ಲಿದ್ದ ಮಾಳಿಗೆ ಮನೆಗೆ ನೆಬೀಸ ಒಡತಿಯಾದದ್ದು ಮದುವೆಯಾದ ವರ್ಷ. ಕಾಳುಮೆಣಸಿನ ವ್ಯಾಪಾರಿಯಾಗಿದ್ದ ಅಜ್ಜ ಕಟ್ಟಿಸಿದ ಮನೆ ಅದು. ಅವಳು ಉಪ್ಪ ಎಂದು ಕರೆಯುತ್ತಿದ್ದ ತಂದೆ ಸಾಹುಲ್ ಹಮೀದ್ ಅದನ್ನು ಗಂಡುಮಕ್ಕಳಿಗೆ ಕೊಡದೆ ಮಗಳ ಹೆಸರಿಗೆ ಬರೆದರು. ಗಂಡ ಅದ್ದು ಮನೆಯಳಿಯನಾಗಿ ಬಂದು ಅಲ್ಲೇ ನೆಲೆಸಿದ, ಅಲ್ಲೇ ತೀರಿಕೊಂಡ. ಗೆದ್ದಲು ಹಿಡಿಯದಂತೆ ಪ್ರತಿ ಬೇಸಿಗೆಯಲ್ಲಿ ಮರಕ್ಕೆಲ್ಲ ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆ ಹಚ್ಚಿ ಹಚ್ಚಿ ಅವಳ ಅಂಗೈ ಸುಟ್ಟು ಕಪ್ಪಾಗಿತ್ತು.

ಆಮೇಲೆ ರಸ್ತೆ ಅಗಲ ಮಾಡುವ ಕೆಲಸ ಬಂತು. ಅಳತೆಗೆ ಬಂದ ಎಂಜಿನಿಯರನ್ನು ಒಳಗೆ ಕರೆದು ತಲೆಯ ಮೇಲೆ ಹಲಸಿನ ಹಲಗೆ ಹಾಸಿದ ಮುಚ್ಚಿಗೆ, ಕೆತ್ತನೆಯ ಕಂಬಗಳು, ಬಾಗಿಲ ಮೇಲೆ ಅಜ್ಜ ಕೊರೆಸಿದ್ದ ಅರಬಿ ಬರಹ, ಎಲ್ಲವನ್ನೂ ತೋರಿಸಿದಳು.

"ಹಳೇ ಕಾಲದ್ದು ಸರ್. ರಸ್ತೆ ಸ್ವಲ್ಪ ಆಚೆ ತಿರುಗಿಸಲಿಕ್ಕೆ ಆಗುದಿಲ್ವಾ?"

"ಮಣ್ಣಿನ ಗೋಡೆಗೆ ಎಂತ ಬೆಲೆ ಉಂಟಮ್ಮ?" ಎಂದು ಅವನು ಟೇಪು ಸುತ್ತಿಕೊಂಡ.

ತಾಲೂಕು ಕಚೇರಿಗೆ ಅಲೆದಳು. ಯಾರೂ ಮನೆ ನೋಡಲು ಬರಲಿಲ್ಲ. ಬಂದವನು ಹಳೇ ಮರದ ವ್ಯಾಪಾರಿ. ಜೆಸಿಬಿಯ ಅಡಿಯಲ್ಲಿ ಪುಡಿಯಾಗುವುದಕ್ಕಿಂತ ಎಲ್ಲಾದರೂ ಉಳಿಯಲಿ ಎಂದು ನೆಬೀಸ ಒಪ್ಪಿದಳು. ಅವನು ಕಂಬ, ಬಾಗಿಲು, ಮುಚ್ಚಿಗೆ ಬಿಚ್ಚಿ ಲಾರಿಗೆ ಹೇರಿದ. ಅವಳು ಕಡಬದ ಮಗಳ ಮನೆ ಸೇರಿದಳು.

ಕೆಲವು ವರ್ಷಗಳ ಬಳಿಕ ಮಗಳು ಫಸೀಲಾ ಅವಳನ್ನು ಪುತ್ತೂರಿನ ಹೊರಗೆ ಹೊಸದಾಗಿ ಎದ್ದಿದ್ದ 'ಪರಂಪರೆ ಗ್ರಾಮ'ಕ್ಕೆ ಕರೆದೊಯ್ದಳು. ಎರಡನೇ ಕಟ್ಟಡದ ಅಂಗಳದಲ್ಲಿ ನೆಬೀಸ ನಿಂತುಬಿಟ್ಟಳು. ಅವಳದೇ ಮನೆ, ಅದೇ ಕಂಬ, ಅದೇ ಮುಚ್ಚಿಗೆ. ಬದಿಯಲ್ಲಿ ಫಲಕ: 'ಮುನ್ನೂರು ವರ್ಷ ಹಳೆಯ ಗುತ್ತಿನ ಮನೆ'. ಹತ್ತಿರ ಹೋಗಿ ಬಾಗಿಲ ಮೇಲ್ಪಟ್ಟಿ ಮುಟ್ಟಿ ನೋಡಿದಳು. ಬರಹ ಇದ್ದ ಕಡೆ ಕೀಸುಳಿ ಹೊಡೆದು ನುಣ್ಣಗೆ ಮಾಡಿದ್ದರು.

ಮುಟ್ಟಬೇಡಿ ಎಂದು ಕೂಗುತ್ತಾ ಮ್ಯಾನೇಜರ್ ಜಯಪ್ರಕಾಶ್ ಬಂದ. ಅವಳು ತನ್ನ ಹೆಸರು, ತಂದೆಯ ಹೆಸರು, ಊರು ಹೇಳಿದಳು.

"ನಿಮ್ಮದೇ ಇರ್ಬಹುದಮ್ಮ. ಆದ್ರೆ ಬರುವವರಿಗೆ ದೊಡ್ಡ ಜಮೀನ್ದಾರರ ಗುತ್ತಿನ ಮನೆ ನೋಡುದೇ ಖುಷಿ. ಬ್ಯಾರಿಗಳ ಮನೆ ಅಂದ್ರೆ ಯಾರು ನಿಲ್ತಾರೆ?"

"ಈಗ ನಿಂತು ನೋಡ್ತಾ ಇದ್ದಾರಲ್ಲ. ಕಂಬ ಅದೇ ಅಲ್ವಾ?"

ಅವನು ಫಲಕ ಬದಲಿಸುತ್ತೇವೆ ಎಂದು ಮಜ್ಜಿಗೆ ತರಿಸಿದ. ನೆಬೀಸ ಲೋಟ ಮುಟ್ಟಲಿಲ್ಲ.

ಫಲಕ ನಿಜವಾಗಿಯೂ ಬದಲಾಯಿತು. ಅಲ್ಲಿಗೆ ಹೋಗಿದ್ದ ಗೆಳತಿಯೊಬ್ಬಳು ಕಳುಹಿಸಿದ ಫೋಟೊ ನೋಡಿ ಫಸೀಲಾ ಗಟ್ಟಿಯಾಗಿ ಓದಿದಳು: "ಹಳೆಯ ವ್ಯಾಪಾರಿಯೊಬ್ಬರ ಮನೆ. ಮೂಲ ಮಾಲೀಕರು ಯಾರೆಂದು ತಿಳಿದಿಲ್ಲ."

"ಆ ಮ್ಯಾನೇಜರನ ಎದುರು ನಿಂತು ಹೇಳಿದೆನಲ್ಲ. ಉಪ್ಪನ ಹೆಸರೂ ಹೇಳಿದೆ."

"ಇನ್ನೊಮ್ಮೆ ಹೋಗಿ ಕೇಳುವ, ಉಮ್ಮಾ."

"ಬೇಡ. ಅವನಿಗೆ ಗೊತ್ತುಂಟು."

ಈಗ ಮದುವೆ ಜೋಡಿಗಳು ಆ ಕಂಬಗಳಿಗೆ ಒರಗಿ ಫೋಟೊ ತೆಗೆಸಿಕೊಳ್ಳುತ್ತಾರೆ. ಸವಣೂರಿನವರೂ ಹೋಗುತ್ತಾರೆ. ನೆಬೀಸ ಮತ್ತೆ ಹೋಗಲಿಲ್ಲ.