ಪೇಟೆಯ ಗರಡಿಯಲ್ಲಿ ಅಪ್ಪ

ಕಣ್ಣಿಗೆ ಪೊರೆ ಬಂದಿದ್ದ ಅಪ್ಪನನ್ನು ನಾನು ನಂಜನಗೂಡಿನ ಹತ್ತಿರದ ದೇವನೂರಿನಿಂದ ಬೆಂಗಳೂರಿಗೆ ಕರೆತಂದದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ, ಆ ಊರಿನಲ್ಲಿ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲದಲ್ಲಿ. ನಾನಾಗ ಅಲ್ಲಿ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ಮದುವೆಯಾಗಿರಲಿಲ್ಲ, ಜಯನಗರದ ಮನೆಯೊಂದರ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಬಂದು ಇಷ್ಟು ವರ್ಷವಾದರೂ ನನಗೆ ಗೊತ್ತಿದ್ದ ಬೆಂಗಳೂರೆಂದರೆ ಕಚೇರಿ, ಬಸ್ಸು, ಸಂಬಳವಾದ ವಾರ ಗೆಳತಿಯರ ಜೊತೆ ಸುತ್ತುತ್ತಿದ್ದ ಎಂ.ಜಿ. ರಸ್ತೆ, ಅಷ್ಟೇ.

ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಮುಂದಿನ ವಾರ ಆಪರೇಷನ್ ಎಂದರು. ಅಪ್ಪ ಅಲ್ಲಿ ತಲೆಯಾಡಿಸಿ, ಹೊರಗೆ ಬಂದ ಮೇಲೆ ಊರಿಗೆ ಹೋಗೋಣ ಎಂದ. ನಮ್ಮ ಬೀದಿಯಲ್ಲಿ ಒಬ್ಬರಿಗೆ ಆಪರೇಷನ್ ಆದ ಮೇಲೆ ಕಣ್ಣೇ ಹೋಗಿತ್ತಂತೆ. ಆ ಹೆದರಿಕೆಯನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. "ಮಂಕಾಗಾದ್ರೂ ಕಾಣ್ತದಲ್ಲ, ನಂಗಷ್ಟು ಸಾಕು ಕಣವ್ವ" ಎಂದ.

ಮನಸ್ಸು ಹಗುರಾಗಲಿ ಎಂದು ಹೊಸದಾಗಿ ತೆರೆದಿದ್ದ ದೊಡ್ಡ ಮಾಲ್‌ಗೆ ಕರೆದುಕೊಂಡು ಹೋದೆ. ಪೊರೆ ತುಂಬಿದ ಕಣ್ಣಿಗೆ ಅಲ್ಲಿನ ದೀಪಗಳೆಲ್ಲ ಒಡೆದು ಚೆಲ್ಲಾಪಿಲ್ಲಿಯಾಗಿ ಕಾಣುತ್ತಿದ್ದವೋ ಏನೋ, ಅಪ್ಪ ನನ್ನ ಕೈ ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿಬಿಟ್ಟ. ಏನೂ ನೋಡದೆ ಹಾಗೇ ಹೊರಗೆ ಬಂದೆವು.

ಭಾನುವಾರ ಬೆಳಿಗ್ಗೆ ಎದ್ದವನೇ ಚೀಲ ಕಟ್ಟಿದ. ಅವ್ವನಿಗೆ ಒಂದು ಸೀರೆ ತೆಗೆದುಕೊಂಡು ಆಮೇಲೆ ಹೊರಡು ಎಂದು ಪುಸಲಾಯಿಸಿ ಚಿಕ್ಕಪೇಟೆಗೆ ಕರೆತಂದೆ. ಅಂಗಡಿಗಳಿನ್ನೂ ತೆರೆದಿರಲಿಲ್ಲ. ಕಾಫಿ ಕುಡಿಯೋಣವೆಂದು ಒಳಗಿನ ಗಲ್ಲಿಗಳಲ್ಲಿ ನಡೆಯುತ್ತಿದ್ದಾಗ ಅಪ್ಪ ಗಕ್ಕನೆ ನಿಂತ.

"ಇಲ್ಲೆಲ್ಲೋ ಗರಡಿ ಅದೆ" ಎಂದ.

ಇದು ಸೀರೆ ಪೇಟೆ, ಇಲ್ಲೆಲ್ಲಿ ಬರಬೇಕು ಗರಡಿ ಎಂದೆ. ಅವನು ಕೇಳಲಿಲ್ಲ. ಎಣ್ಣೆ, ಅರಿಶಿನ ಬೆರೆಸಿದ ಮಣ್ಣಿನ ವಾಸನೆ ಬರುತ್ತಿದೆ ಎಂದು ನನ್ನನ್ನೇ ಎಳೆದುಕೊಂಡು ಹೊರಟ. ದಾರದ ಅಂಗಡಿಗೂ ಪಾತ್ರೆ ಅಂಗಡಿಗೂ ನಡುವೆ ಒಂದು ಗಿಡ್ಡ ಬಾಗಿಲು. ಒಳಗೆ ಕೆಮ್ಮಣ್ಣಿನ ಅಖಾಡ, ಗೋಡೆಯಲ್ಲಿ ಹನುಮಂತನ ಪಟ, ಮೂಲೆಯಲ್ಲಿ ಮರದ ಗದೆಗಳು. ಲಂಗೋಟಿ ಕಟ್ಟಿದ ಯುವಕರು ತೊಡೆ ತಟ್ಟಿ ಕುಸ್ತಿ ಹಿಡಿಯುತ್ತಿದ್ದರು. ಆಚೆಯ ರಸ್ತೆಯಲ್ಲಿ ನಾನು ಎಷ್ಟೋ ಸಲ ಬಸ್ಸಿನಲ್ಲಿ ಹಾದುಹೋಗಿದ್ದೆ, ಇಲ್ಲೊಂದು ಗರಡಿಯಿದೆ ಎಂದು ಗೊತ್ತಿರಲಿಲ್ಲ.

ಅವರಿಗೆ ಕುಸ್ತಿ ಕಲಿಸುತ್ತಿದ್ದ ಉಸ್ತಾದರು ಅಪ್ಪನಷ್ಟೇ ವಯಸ್ಸಿನವರು. ಬನ್ನಿ ಯಜಮಾನ್ರೇ ಎಂದು ಕರೆದರು. ಗರಡಿಯೊಳಗೆ ಹೆಂಗಸರು ಕಾಲಿಡುವ ಪದ್ಧತಿ ಇಲ್ಲವೆಂದು ನಾನು ಹೊರಗೇ ನಿಂತೆ. ಅವರು ತಾವೇ ಒಂದು ಸ್ಟೂಲು ತಂದು, ಒಳಗಿನದೆಲ್ಲ ಕಾಣುವ ಹಾಗೆ ಹೊಸ್ತಿಲ ಬಳಿ ಹಾಕಿಕೊಟ್ಟರು.

ಅಪ್ಪ ಚಪ್ಪಲಿ ಬಿಟ್ಟು, ಬಗ್ಗಿ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡ. ಮದುವೆಗೆ ಮುಂಚೆ ನಂಜನಗೂಡಿನ ಗರಡಿಯಲ್ಲಿ ಸಾಮು ಮಾಡಿದ್ದನ್ನು ಹೇಳತೊಡಗಿದ. ಅವನು ಕುಸ್ತಿ ಆಡುತ್ತಿದ್ದನೆಂದು ಅವ್ವ ಯಾವಾಗಲೋ ಹೇಳಿದ್ದುಂಟು. ಅವನ ಬಾಯಿಂದಲೇ ಕೇಳಿದ್ದು ಅದೇ ಮೊದಲು. ಉಸ್ತಾದರು ಅವನ ಕೈ ಹಿಡಿದು ಒಬ್ಬ ಪೈಲ್ವಾನನ ಹೆಗಲ ಮೇಲೆ ಇಟ್ಟರು. ಅಪ್ಪ ಹೆಗಲು, ತೋಳು ಒತ್ತಿ ನೋಡಿ ನಕ್ಕ. ಆಮೇಲೆ ಮೆಲ್ಲಗೆ, ಇವರು ಹಾಕುವ ಪಟ್ಟು ಮಾತ್ರ ನನ್ನ ಕಣ್ಣಿಗೆ ಕಾಣಲ್ಲ ಎಂದ.

"ನಂದೂ ಎರಡೂ ಕಣ್ಣು ಆಪರೇಷನ್ ಆಗಿದೆ ಯಜಮಾನ್ರೇ," ಎಂದರು ಉಸ್ತಾದರು. "ಮಾಡಿಸ್ಕೊಂಡು ಬನ್ನಿ. ಇವರ ಕುಸ್ತಿ ನೋಡೋರಂತೆ."

ಅಪ್ಪ ಅವರು ತರಿಸಿದ ಬಾದಾಮಿ ಹಾಲು ಕುಡಿದ. ಅವ್ವನ ಸೀರೆ ಕೊಂಡು ಜಯನಗರದ ಬಸ್ಸು ಹತ್ತಿ ಕೂತ ಮೇಲೆ, "ಡಾಕ್ಟ್ರು ಆಪ್ರೇಸನ್ ಯಾವತ್ತು ಅಂದವ್ರೆ?" ಎಂದು ಕೇಳಿದ. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡು ದಿನ ಹೇಳಿದೆ.

ಆಪರೇಷನ್ ಚೆನ್ನಾಗಿ ಆಯಿತು. ಊರಿಗೆ ಹೋಗಿದ್ದ ಅಪ್ಪ ಮತ್ತೆ ಕಣ್ಣು ತೋರಿಸಲು ಬಂದಾಗ ಹಿತ್ತಿಲಿನಲ್ಲಿ ಬೆಳೆದ ರಸಬಾಳೆಯ ಗೊನೆ ಹೊತ್ತು ತಂದಿದ್ದ. ರೋಗ ಬಂದು ಊರಿನ ರಸಬಾಳೆಯೆಲ್ಲ ಹಾಳಾಗಿ, ಅಪ್ಪನ ಹತ್ತಿರ ಉಳಿದಿದ್ದದ್ದೇ ನಾಲ್ಕಾರು ಗಿಡ. ಗರಡಿಗೆ ಹೋಗಿ ಗೊನೆಯನ್ನು ಉಸ್ತಾದರ ಮುಂದಿಟ್ಟು, ಬೆಳಗಿನ ಹೊತ್ತೆಲ್ಲ ಬೆಂಚಿನ ಮೇಲೆ ಕೂತು ಕುಸ್ತಿ ನೋಡಿದ. ನಡುವೆ ಒಮ್ಮೆ ಹೊಸ್ತಿಲಿನತ್ತ ತಿರುಗಿ ನನ್ನ ಮುಖವನ್ನೇ ದಿಟ್ಟಿಸಿದ.

"ಸೊರಗ್ಬುಟ್ಟಿದ್ದೀಯಲ್ಲವ್ವ. ನಂಗೆ ಗೊತ್ತೇ ಆಗ್ನಿಲ್ಲ" ಎಂದ.

ಅದಾದ ಮೇಲೆ ಭಾನುವಾರಗಳಲ್ಲಿ ನಾನು ಎಂ.ಜಿ. ರಸ್ತೆ ಬಿಟ್ಟು ಪೇಟೆಯ ಗಲ್ಲಿಗಳನ್ನು ಸುತ್ತತೊಡಗಿದೆ. ಜರಿ ಸುತ್ತುವ ಮನೆಗಳು, ಅಂಗಡಿಗಳ ಹಿಂದೆ ಅಡಗಿದ ಸಣ್ಣ ಗುಡಿಗಳು, ಜಗಲಿಯಲ್ಲಿ ಹೂ ಕಟ್ಟುತ್ತಾ ಕೂತು, ಯಾವ ಊರಮ್ಮ ಎಂದು ವಿಚಾರಿಸುವ ಹೆಂಗಸರು. ಗರಡಿಯ ಮುಂದೆ ಹಾದರೆ ಉಸ್ತಾದರು ಅಪ್ಪನ ಕ್ಷೇಮ ಕೇಳದೆ ಬಿಡುತ್ತಿರಲಿಲ್ಲ.

ನಂಜನಗೂಡಿನ ಛತ್ರದಲ್ಲಿ ನನ್ನ ಮದುವೆಯಾದಾಗ ಅವರು ಶಿಷ್ಯರನ್ನು ಕಟ್ಟಿಕೊಂಡು ಬೆಳಗಿನ ಬಸ್ಸಿಗೇ ಬಂದಿಳಿದರು. ಬಡಿಸುವವರು ಸಾಲದೆ ನಮ್ಮವರು ಪರದಾಡುತ್ತಿದ್ದರು. ಆ ಪೈಲ್ವಾನರು ಯಾರೂ ಹೇಳದೆಯೇ ಪಂಚೆ ಎತ್ತಿಕಟ್ಟಿ, ಅನ್ನದ ದಬರಿಗಳನ್ನು ಎತ್ತಿಕೊಂಡು ಪಂಕ್ತಿಗೆ ಇಳಿದರು. ಯಾರಪ್ಪ ಇವರೆಲ್ಲ ಎಂದು ಊರವರು ಕೇಳಿದಾಗ ಅಪ್ಪ, "ನಮ್ಮ ಬೆಂಗ್ಳೂರ್ ನೆಂಟ್ರು" ಎಂದು ಹೇಳಿಕೊಂಡು ತಿರುಗುತ್ತಿದ್ದ.